ಮಳೆಗಾಲದ ಪಿ.ಟಿ. ಪಿರಿಯಡ್‌ಗೆ ನಾಲ್ಕು ಚಕ್ರದ ಹಲಗೆ

ಮಾನ್ಯ ಸಂಪಾದಕರೇ,

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಬಹಳಷ್ಟು ಶಾಲೆಗಳ ವೇಳಾಪಟ್ಟಿಯಲ್ಲಿ ಪಿ.ಟಿ. ಪಿರಿಯಡ್ ಇರುತ್ತದೆ, ಆಟ ಇರುವುದಿಲ್ಲ. ಮೈದಾನದ ತುಂಬ ಪಾದ ಹೂತುಹೋಗುವ ಕೆಸರು, ಅಂಚಿನ ಹುಲ್ಲಿನಲ್ಲಿ ಜಿಗಣೆ. ಆ ನಲವತ್ತು ನಿಮಿಷ ಗಣಿತಕ್ಕೋ ನೋಟ್ಸ್ ಬರೆಸುವುದಕ್ಕೋ ಸಂದುಹೋಗುತ್ತದೆ. ಕೆಸರುಗದ್ದೆ ಕ್ರೀಡಾಕೂಟ ವರ್ಷಕ್ಕೊಂದು ದಿನ ಸೊಗಸೇ. ಆದರೆ ಒಗೆದ ಯೂನಿಫಾರ್ಮ್ ಮೂರು ದಿನವಾದರೂ ಒಣಗದ ಊರಿನಲ್ಲಿ ವಾರವಾರವೂ ಮಕ್ಕಳನ್ನು ಕೆಸರಿಗಿಳಿಸಲಾಗದು. ಈ ನಾಲ್ಕು ತಿಂಗಳಿಗೆಂದೇ ಶಾಲೆಗಳು ಸ್ಕೂಟರ್ ಬೋರ್ಡ್ ಆಟಗಳನ್ನು ಶುರುಮಾಡಬೇಕು, ಎಸ್‌ಡಿಎಂಸಿಗಳು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು) ಇದಕ್ಕೆ ಕೈಜೋಡಿಸಬೇಕು ಎಂಬ ಕೋರಿಕೆಯಿಂದ ಈ ಪತ್ರ.

ಸ್ಕೂಟರ್ ಬೋರ್ಡ್ ಎಂದರೆ ಸ್ಕೇಟ್‌ಬೋರ್ಡ್ ಅಲ್ಲ. 12 ಅಥವಾ 16 ಇಂಚಿನ ಚೌಕ ಹಲಗೆ, ಅಡಿಯಲ್ಲಿ ಎಲ್ಲ ದಿಕ್ಕಿಗೂ ತಿರುಗುವ ನಾಲ್ಕು ಪುಟ್ಟ ಚಕ್ರ, ಎರಡು ಬದಿಗೆ ಕೈಹಿಡಿ, ಅಷ್ಟೇ. ಮಗು ಅದರ ಮೇಲೆ ಕೂರುತ್ತದೆ ಇಲ್ಲವೇ ಬೋರಲು ಮಲಗುತ್ತದೆ. ನಿಲ್ಲುವ ಮಾತೇ ಇಲ್ಲ. ಕೂತಾಗ ಪಾದದಿಂದ, ಮಲಗಿದಾಗ ಅಂಗೈಯಿಂದ ನೆಲವನ್ನು ತಳ್ಳಿ ಸಾಗಬೇಕು. ಓಡಲು ಜಾಗ ಸಾಲದ ಹಾಲ್‌ನಲ್ಲೂ ತೊಡೆ, ಹೊಟ್ಟೆ, ಭುಜ ದಣಿಯುವಷ್ಟು ಕೆಲಸ ಇದರಲ್ಲಿದೆ.

ತರಿಸಿಕೊಳ್ಳುವುದಾದರೆ ಪ್ಲಾಸ್ಟಿಕ್‌ನವು ಸಿಗುತ್ತವೆ. ಊರಿನ ಬಡಗಿಯಿಂದಲೂ ಚೆನ್ನಾಗಿ ಮಾಡಿಸಬಹುದು. 18 ಮಿ.ಮೀ. ದಪ್ಪದ ವಾಟರ್‌ಪ್ರೂಫ್ ಪ್ಲೈವುಡ್ ಬೇಕು. ಸಾಮಾನ್ಯ ಪ್ಲೈ ನಮ್ಮ ತೇವಕ್ಕೆ ಒಂದೇ ಮಳೆಗಾಲದಲ್ಲಿ ಪದರ ಬಿಡುತ್ತದೆ. 8×4 ಅಡಿಯ ಒಂದು ಶೀಟಿನಲ್ಲಿ 16 ಇಂಚಿನ 18 ಹಲಗೆ ಬರುತ್ತವೆ. ಗರಗಸದ ಕಡಿತಕ್ಕೆ ಹೋಗುವ ಕೂದಲೆಳೆಯಷ್ಟು ಅಳತೆ ಲೆಕ್ಕಕ್ಕಿಲ್ಲ. ಅರ್ಧ ಶೀಟಿಗೆ ಒಂಬತ್ತು. ಮಕ್ಕಳ ಸಂಖ್ಯೆ ಕಡಿಮೆಯಿರುವ ಶಾಲೆಗೆ ಇಷ್ಟೇ ಧಾರಾಳ. ಮೂಲೆಗಳನ್ನು ದುಂಡಗೆ ಕತ್ತರಿಸಿ, ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಸುತ್ತ ಹಳೆಯ ಸೈಕಲ್ ಟ್ಯೂಬ್ ಸೀಳಿ ಹೊಡೆಸಿದರೆ ಡಿಕ್ಕಿಯಾದಾಗ ಮೊಣಕಾಲಿಗೆ ಪೆಟ್ಟಾಗದು.

ಚಕ್ರದ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಹಾರ್ಡ್‌ವೇರ್ ಅಂಗಡಿಯಲ್ಲಿ ತಿರುಗುವ ಟ್ರಾಲಿ ಚಕ್ರ ಎಂದು ಕೇಳಿ, 50 ಮಿ.ಮೀ. ವ್ಯಾಸದ್ದು, ರಬ್ಬರ್ ಹೊದಿಕೆಯದು ತನ್ನಿ. ಗಟ್ಟಿ ನೈಲಾನ್ ಚಕ್ರ ಅಗ್ಗವಾದರೂ ನುಣುಪು ನೆಲದಲ್ಲಿ ಜಾರುತ್ತದೆ, ಪಕ್ಕದ ತರಗತಿಗೆ ಪಾಠ ಕೇಳಿಸದಷ್ಟು ಸದ್ದು ಮಾಡುತ್ತದೆ. ನೆಲ ಸ್ವಲ್ಪ ಏರುಪೇರಾಗಿದ್ದರೂ ಒಂದು ಚಕ್ರ ಗಾಳಿಯಲ್ಲಿರುತ್ತದೆ. ಆದ್ದರಿಂದ ಮೂರೇ ಚಕ್ರ ಭಾರ ಹೊರುತ್ತವೆಂದು ಲೆಕ್ಕ ಹಾಕಿ, ಒಂದೊಂದೂ ಕನಿಷ್ಠ 30 ಕೆ.ಜಿ. ತಾಳುವಂಥದ್ದಿರಲಿ. ಚಕ್ರದ ತಟ್ಟೆಯ ನಡುಮಧ್ಯ ಹಲಗೆಯ ಎರಡೂ ಅಂಚಿನಿಂದ 7 ಸೆಂ.ಮೀ. ಒಳಗೆ ಬರಬೇಕು. ಇನ್ನೂ ಹೊರಗಿಟ್ಟರೆ ತಿರುಗುವಾಗ ಚಕ್ರ ಅಂಚಿನಾಚೆ ಚಾಚಿ ಬೇರೆಯವರ ಬೆರಳಿನ ಮೇಲೆ ಹತ್ತುತ್ತದೆ. ತೀರಾ ಒಳಗಿಟ್ಟರೆ ಮಗು ಸ್ವಲ್ಪ ವಾಲಿದರೂ ಹಲಗೆ ಮಗುಚುತ್ತದೆ. ಮರದ ಸ್ಕ್ರೂ ಬೇಡ. ಪಕ್ಕದ ಎಳೆತಕ್ಕೆ ಅದು ಪ್ಲೈವುಡ್‌ನಿಂದ ಬಲುಬೇಗ ಕಿತ್ತು ಬರುತ್ತದೆ. ತಟ್ಟೆಯ ತೂತಿಗೆ ಹೊಂದುವ 5 ಅಥವಾ 6 ಮಿ.ಮೀ. ದಪ್ಪದ, 30 ಮಿ.ಮೀ. ಉದ್ದದ ಬೋಲ್ಟನ್ನು ಮೇಲಿನಿಂದ ತಲೆ ಹುದುಗುವಂತೆ ಇಳಿಸಿ, ಕೆಳಗೆ ಲಾಕ್ ನಟ್ ಬಿಗಿಯಬೇಕು. ಬೋಲ್ಟ್ ಉದ್ದವಾದರೆ ತುದಿ ಚಕ್ರಕ್ಕೆ ತಾಗಿ ಹಲಗೆ ಥಟ್ಟನೆ ನಿಂತು ಮಗು ಮುಂದಕ್ಕೆ ಮುಗ್ಗರಿಸುತ್ತದೆ. ಕೈಹಿಡಿಗಾಗಿ ಹಲಗೆಯಲ್ಲಿ ಸಂದು ಕೊರೆಯುವುದೂ ತಪ್ಪು, ಬೆರಳು ಅಡಿಗೆ ಇಳಿದು ಚಕ್ರದ ಬಳಿ ಹೋಗುತ್ತದೆ. ಕಪಾಟಿನ ಬಾಗಿಲಿಗೆ ಹಾಕುವ ಹಿಡಿಯನ್ನು ಎಡಬಲಕ್ಕೆ ಹಲಗೆಯ ಮೇಲ್ಭಾಗದಲ್ಲೇ ಕೂರಿಸಿ.

ಎಲ್ಲಿ ಆಡಿಸುವುದು? ಶಾಲೆಯ ಜಗಲಿ ಬೇಡವೇ ಬೇಡ. ಮಳೆನೀರು ಹೊರಹೋಗಲೆಂದು ನಮ್ಮ ಜಗಲಿಗಳಿಗೆಲ್ಲ ಹೊರಗಡೆಗೆ ಇಳಿಜಾರು ಇರುತ್ತದೆ, ಹಲಗೆ ನೇರ ಮೆಟ್ಟಿಲಿನತ್ತ ಓಡುತ್ತದೆ. ಕಾಫಿ ಕಣವೂ ಹಾಗೆಯೇ. ಮಟ್ಟಸವಾದ ರೆಡ್ ಆಕ್ಸೈಡ್ ಅಥವಾ ಟೈಲ್ಸ್ ನೆಲದ ಒಳಾಂಗಣ ಬೇಕು, ಕಲ್ಲುಚಪ್ಪಡಿಯಾದರೆ ಸಂದುಗಳಿಗೆ ಸಿಮೆಂಟ್ ತುಂಬಿರಬೇಕು. ಪ್ರಾರ್ಥನೆಯ ಹಾಲ್ ಇಲ್ಲದ ಶಾಲೆಗಳು ಏನು ಮಾಡಬೇಕೆಂಬ ಪ್ರಶ್ನೆಗೆ ನಮ್ಮಲ್ಲೊಂದು ಸಲಹೆಯಿದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಕಕ್ಕಡ ತಿಂಗಳು. ಮದುವೆ ಮುಂತಾದ ಶುಭಕಾರ್ಯಗಳಿಲ್ಲ. ಕೊಡವ ಸಮಾಜ, ಗೌಡ ಸಮಾಜಗಳ ವಿಶಾಲ ಸಭಾಂಗಣಗಳು ಮಳೆ ಜೋರಾಗಿರುವ ಈ ದಿನಗಳಲ್ಲೇ ಖಾಲಿ. ಪಕ್ಕದ ಶಾಲೆಗೆ ವಾರಕ್ಕೆರಡು ಹಗಲು ಬಾಗಿಲು ತೆರೆಯುವಂತೆ ಸಮಾಜಗಳ ಆಡಳಿತ ಮಂಡಳಿಗಳನ್ನು ವಿನಂತಿಸುತ್ತೇವೆ. ರಬ್ಬರ್ ಚಕ್ರದಿಂದ ನೆಲಕ್ಕೆ ಹಾನಿಯಾಗದು.

ಮೊದಲ ಎರಡು ಪಿರಿಯಡ್‌ಗಳಲ್ಲಿ ಸ್ಪರ್ಧೆ ಇಡಬೇಡಿ. ಬಾಗಿಲಲ್ಲಿ ಗೋಣಿಚೀಲ ಹಾಸಿ, ಒದ್ದೆ ಶೂ ಒರೆಸಿಸಿ, ನೆಲ ಒಣಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಜಡೆ ಮೇಲಕ್ಕೆ ಕಟ್ಟಿರಬೇಕು, ರಿಬ್ಬನ್, ವೇಲ್, ಕೊರಳಿನ ಐಡಿ ಕಾರ್ಡ್ ತೆಗೆದಿಡಬೇಕು, ಶೂ ಲೇಸ್ ಒಳಗೆ ಸೇರಿಸಬೇಕು. ಬೋರಲು ಮಲಗಿದ ಮಗುವಿನ ಜಡೆ ಚಕ್ರಕ್ಕೆ ಸಿಕ್ಕುವುದು ಈ ಆಟದ ಅತಿ ಕೆಟ್ಟ ಅಪಘಾತ, ಇದರಲ್ಲಿ ರಿಯಾಯಿತಿ ಕೂಡದು. ಕೂತವರು ಹಲಗೆಯ ನಡುವೆ ಕೂತು ಎರಡೂ ಹಿಡಿ ಹಿಡಿಯಲಿ. ಮೊದಲು ಹಿಂದಕ್ಕೆ ಹೋಗುವುದನ್ನು ಕಲಿಸಿ, ಪಾದದಿಂದ ತಳ್ಳುವುದು ಸುಲಭ. ಆಮೇಲೆ ಹಿಮ್ಮಡಿಯೂರಿ ಮುಂದಕ್ಕೆ ಎಳೆದುಕೊಳ್ಳುವುದು. ಸೀಟಿ ಕೇಳಿದೊಡನೆ ಪಾದ ನೆಲಕ್ಕೂರಿ ನಿಲ್ಲಬೇಕು. ಇಳಿದ ಹಲಗೆಯನ್ನು ಚಕ್ರ ಮೇಲಾಗಿ ಮಗುಚಿಡಬೇಕು. ಚಕ್ರದ ಮೇಲೆ ಬಿಟ್ಟ ಖಾಲಿ ಹಲಗೆಯ ಮೇಲೆ ಯಾರಾದರೂ ಕಾಲಿಟ್ಟೇ ಇಡುತ್ತಾರೆ. ಗೆಲುವಿನ ಗೆರೆ ಗೋಡೆಯಿಂದ 3 ಮೀಟರ್ ಈಚೆಗಿರಲಿ. ಗೋಡೆ ಮುಟ್ಟಿ ಬರುವ ರಿಲೇ ಮಾತ್ರ ಬೇಡ, ಮಣಿಕಟ್ಟು ಉಳುಕುವುದು ಅಲ್ಲೇ. ಬೋರಲು ಮಲಗಿ ಸಾಗುವುದು ಕುತ್ತಿಗೆಗೆ ಭಾರವಾದ್ದರಿಂದ 30 ಸೆಕೆಂಡಿಗೊಮ್ಮೆ ಬದಲಿಸಿ. ಇಬ್ಬರಿಗೊಂದು ಹಲಗೆಯಿದ್ದರೆ ಈ ಬದಲಾವಣೆ ತಾನಾಗಿ ಆಗುತ್ತದೆ.

ಚಿಕ್ಕ ಮಕ್ಕಳಿಗೆ ಕಾಫಿ ಕೊಯ್ಲಿನ ಆಟ ಹಿಡಿಸುತ್ತದೆ. ಕೆಂಪು, ಹಸಿರು ಬಟ್ಟೆಯ ಪುಟ್ಟ ಮರಳುಚೀಲಗಳನ್ನು ಹಾಲ್ ತುಂಬ ಚೆಲ್ಲಿ, ಕೆಂಪು ಹಣ್ಣನ್ನಷ್ಟೇ ಒಂದೊಂದಾಗಿ ಆರಿಸಿ ತಂಡದ ಕುಕ್ಕೆಗೆ ತರಬೇಕು, ಹಸಿರು ತಂದರೆ ಒಂದು ಅಂಕ ಕಳೆಯಬೇಕು. ದೊಡ್ಡವರಿಗೆ ಹಗ್ಗ. ಕಂಬಕ್ಕೆ ನೆಲದಿಂದ ಒಂದಡಿ ಎತ್ತರದಲ್ಲಿ ಕಟ್ಟಿದ 6 ಮೀಟರ್ ಹಗ್ಗವನ್ನು ಬೋರಲು ಮಲಗಿ ಕೈ ಮೇಲೆ ಕೈ ಹಾಕಿ ಎಳೆದುಕೊಳ್ಳುತ್ತಾ ಹೋಗುವುದು. ಕಂಬಕ್ಕೆ ಒಂದೂವರೆ ಮೀಟರ್ ಇರುವಾಗಲೇ ನಿಲ್ಲಲು ಗೆರೆ ಎಳೆದಿರಿ, ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಲು ಬಿಡಬೇಡಿ. ಜೋಡಿ ಆಟದಲ್ಲಿ ಬೆನ್ನಿಗೆ ಕೈಕೊಟ್ಟು ತಳ್ಳುವುದಕ್ಕಿಂತ ಸ್ಕಿಪ್ಪಿಂಗ್ ಹಗ್ಗ ಮಡಚಿ ಎಳೆಯುವುದು ಮೇಲು, ಕೂತವರು ಕೈಬಿಟ್ಟರೆ ವೇಗ ಅಲ್ಲಿಗೇ ಇಳಿಯುತ್ತದೆ.

ಆದರೆ ಈ ಜಿಲ್ಲೆಯ ಮಕ್ಕಳನ್ನು ಹಿಡಿದಿಡುವುದು ಹಲಗೆ ಮೇಲಿನ ಹಾಕಿಯೇ. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ ಅವರನ್ನು ದೇಶಕ್ಕೆ ಕೊಟ್ಟ, 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ಶುರುವಾದ ಕೊಡಗಿನಲ್ಲಿ ಮಳೆ ಹಿಡಿದರೆ ಎಳೆಯರ ಕೈಯಿಂದ ಸ್ಟಿಕ್ ಜಾರುತ್ತದೆ. ತಂಡಕ್ಕೆ ನಾಲ್ವರು. ಆರೇಳು ಹಾಳೆ ದಿನಪತ್ರಿಕೆಯನ್ನು ಬಿಗಿಯಾಗಿ ಸುತ್ತಿದ ಅರ್ಧ ಮೀಟರ್ ಉದ್ದದ ಸ್ಟಿಕ್. ಉದ್ದಕ್ಕೂ ಪ್ಯಾಕಿಂಗ್ ಟೇಪ್ ಹಾಕದಿದ್ದರೆ ತೇವಕ್ಕೆ ಮೆತ್ತಗಾಗುತ್ತದೆ. ಚೆಂಡಾಗಿ, ಚಿಂದಿ ತುಂಬಿ ಹೊಲಿದ ಕಾಲುಚೀಲ ಸಾಕು. ಅದು ದೂರ ಉರುಳದ್ದರಿಂದ ಗೋಡೆಗೆ ಡಿಕ್ಕಿ ಕಡಿಮೆ. ನಿಯಮ ನಾಲ್ಕೇ: ಒಂದು ಕೈ ಯಾವಾಗಲೂ ಹಲಗೆಯ ಹಿಡಿಯಲ್ಲಿ, ಸ್ಟಿಕ್ ಮೊಣಕಾಲಿಗಿಂತ ಮೇಲೇಳಬಾರದು, ಚೆಂಡನ್ನು ಕಾಲಿನಿಂದ ತಡೆದರೆ ಫೌಲ್, ಹಲಗೆಯಿಂದ ಬಿದ್ದವರು ಮತ್ತೆ ಕೂರುವವರೆಗೆ ಚೆಂಡು ಮುಟ್ಟುವಂತಿಲ್ಲ. ಮೊದಮೊದಲು ಎಂಟೂ ಮಕ್ಕಳು ಚೆಂಡಿಗೇ ಮುತ್ತಿಕೊಂಡು ಮೊಣಕಾಲಿಗೆ ಮೊಣಕಾಲು ಬಡಿಯುತ್ತದೆ. ನಡುಗೆರೆ ಎಳೆದು, ತಂಡದ ಇಬ್ಬರು ಆಚೆ, ಇಬ್ಬರು ಈಚೆ, ಯಾರೂ ಗೆರೆ ದಾಟುವಂತಿಲ್ಲ ಎಂದರೆ ಗುಂಪು ಒಡೆದು ಪಾಸ್ ಕೊಡುವುದು ಶುರುವಾಗುತ್ತದೆ. ಖಾಲಿ ಜಾಗ ಹುಡುಕಿ ಚೆಂಡು ಕಳಿಸುವ ಆ ಕಣ್ಣು ಮೈದಾನದ ಹಾಕಿಗೂ ಬೇಕಾದದ್ದೇ. ಎರಡು ನಿಮಿಷಕ್ಕೊಮ್ಮೆ ತಂಡ ಬದಲಿಸಿ.

ಇನ್ನೊಂದು ಮುಖ್ಯ ಮಾತು. ಕಾಲಿನ ಶಕ್ತಿ ಕಡಿಮೆಯಿರುವ ಮಗು ಪಿ.ಟಿ. ಪಿರಿಯಡ್‌ನಲ್ಲಿ ಬೆಂಚಿನ ಮೇಲೆ ಕೂತು ನೋಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಹಲಗೆಯ ಮೇಲೆ ಬೋರಲಾಗಿ, ಕೈಯಿಂದ ಸಾಗುವ ಆಟದಲ್ಲಿ ಆ ಮಗು ಎಲ್ಲರ ಜೊತೆ ಎಲ್ಲರ ಎತ್ತರದಲ್ಲೇ ಆಡಬಲ್ಲದು. ಆಟದ ಅವಕಾಶ ಇಂಥ ಮಕ್ಕಳಿಗೂ ಸಮಾನವಾಗಿ ಸಿಗಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ಹೇಳುತ್ತದೆ. ಪೋಷಕರನ್ನೂ ಡಾಕ್ಟರನ್ನೂ ಕೇಳಿ ಶುರುಮಾಡಿ. ಮೂರ್ಛೆ ರೋಗವಿರುವ ಮಕ್ಕಳನ್ನು ಗರಗರ ಸುತ್ತಿಸುವ ಆಟಕ್ಕೆ ಸೇರಿಸಬೇಡಿ.

ನಿರ್ವಹಣೆ ಹೆಚ್ಚೇನಿಲ್ಲ. ವಾರಕ್ಕೊಮ್ಮೆ ನಟ್ ಬಿಗಿ ಮಾಡಿ, ಅಚ್ಚಿಗೆ ಸುತ್ತಿಕೊಂಡ ಕೂದಲು, ದಾರ ಕತ್ತರಿಸಿ ತೆಗೆಯಿರಿ. ಎಣ್ಣೆ ಹೊಲಿಗೆ ಯಂತ್ರದ್ದು, ಒಂದೇ ಹನಿ. ಕೊಬ್ಬರಿ ಎಣ್ಣೆ ಅಂಟಾಗಿ ದೂಳು ಹಿಡಿಯುತ್ತದೆ. ಒದ್ದೆ ಗೋಡೆಗೆ ಒರಗಿಸದೆ ಮೊಳೆಗೆ ನೇತುಹಾಕಿ.

ಹಣದ ಮಾತಿಗೆ ಬಂದರೆ, ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕ್ರೀಡಾ ಸಾಮಗ್ರಿಗೆಂದೇ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿವರೆಗೆ ಅನುದಾನಕ್ಕೆ ಅವಕಾಶವಿದೆ. ಹಲಗೆಗಿಂತ ಚಕ್ರದ ಖರ್ಚೇ ಹೆಚ್ಚು. ಒಮ್ಮೆಲೇ ಹದಿನೆಂಟು ಆಗದಿದ್ದರೆ ಆರರಿಂದ ಶುರುಮಾಡಿ. ಬಡಗಿಗೆ ಕೆಲಸವನ್ನು ಏಪ್ರಿಲ್‌ನಲ್ಲೇ ವಹಿಸಬೇಕು. ಹಲಗೆಗೆ, ಅದರಲ್ಲೂ ಕತ್ತರಿಸಿದ ಅಂಚಿಗೆ, ಎರಡು ಕೋಟ್ ವಾರ್ನಿಷ್ ಬೇಕೇ ಬೇಕು, ಮುಂಗಾರು ಕಾಲಿಟ್ಟ ಮೇಲೆ ಅದು ಒಣಗುವುದಿಲ್ಲ.

— ದೈಹಿಕ ಶಿಕ್ಷಣ ಶಿಕ್ಷಕರು, ವಿರಾಜಪೇಟೆ ತಾಲ್ಲೂಕು