ಹೂವಮ್ಮನಿಗೆ, ಆಮೇಲೆ ಉಳಿದವರಿಗೆ

ಕಳೆದ ಭಾನುವಾರ ಮೈದಾನಕ್ಕೆ ಬಂದು ನನ್ನನ್ನು ಬೀಳ್ಕೊಟ್ಟ ಎಲ್ಲರಿಗೂ ನಮಸ್ಕಾರ. ಫುಟ್‌ಬಾಲ್ ಕೋಚ್ ಆಗಿ 25 ವರ್ಷ ಹುಡುಗಿಯರ ಮೇಲೆ ಕೂಗಾಡಿದ ಗಂಟಲು ಮೈಕ್ ಮುಂದೆ ಕಟ್ಟಿಹೋಯಿತು. ಅಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಭೆಯಲ್ಲಿ ಯಾರೋ ನನ್ನನ್ನು ‘ಮೊದಲಿಗಳು’ ಎಂದರು. ಅಲ್ಲವೇ ಅಲ್ಲ. ಮಹಿಳೆಯರ ರಾಷ್ಟ್ರೀಯ ಟೂರ್ನಿ 1975ರಲ್ಲೇ ಶುರುವಾಗಿತ್ತು. 1980ರಲ್ಲಿ ಕೋಳಿಕ್ಕೋಡಿನಲ್ಲಿ ನಮ್ಮವರು ಏಷ್ಯಾ ಫೈನಲ್ ಆಡಿದ್ದರು. ಬೆಂಗಳೂರಿನ ಚಿತ್ರಾ ಗಂಗಾಧರನ್ ದೇಶಕ್ಕೆ ಆಡಿದ್ದನ್ನು ಕೇಳಿಯೇ ನಾನು ಬೂಟು ಕಟ್ಟಿದ್ದು. ಆಡುವ ಹೆಂಗಸರಿದ್ದರು, ಆಡಿಸುವವರು ಮಾತ್ರ ಗಂಡಸರು. ಗೋವಾದ ಮೇಮೋಲ್ ರಾಕಿ ಭಾರತ ತಂಡದ ಮೊದಲ ಮಹಿಳಾ ಮುಖ್ಯ ಕೋಚ್ ಆದದ್ದು 2017ರಲ್ಲಿ! ಆ ಸುದ್ದಿ ಓದಿದ ದಿನ ಅಭ್ಯಾಸಕ್ಕೆ ರಜೆ ಕೊಟ್ಟು ಹುಡುಗಿಯರಿಗೆಲ್ಲ ಮಸಾಲೆ ದೋಸೆ ಕೊಡಿಸಿದ್ದೆ.

ಜೊತೆಗಿದ್ದ ಕೋಚ್‌ಗಳು, ಬಸ್ ಚಾರ್ಜಿಗೆ ಕೊಟ್ಟ ಗೆಳತಿಯರು, ಚೆಂಡಿಗೆ ಪುಕ್ಕಟೆ ಗಾಳಿ ತುಂಬಿದ ಸೈಕಲ್ ಅಂಗಡಿಯವರು, ಸಂಬಳವಿಲ್ಲದ ತಿಂಗಳುಗಳಲ್ಲಿ ಮನೆ ತೂಗಿಸಿದ ನಮ್ಮ ಯಜಮಾನರು, ಎಲ್ಲರಿಗೂ ಋಣಿ. (ಒಂದೇ ಸಾಲು ಎಂದು ಯಜಮಾನರು ಮುನಿಸಿಕೊಳ್ಳುವುದಿಲ್ಲ, ಕೇಳಿದ್ದೇನೆ.)

ಹೆಚ್ಚು ಹೇಳಬೇಕಾದದ್ದು ನಮ್ಮ ಗೋಲ್‌ಕೀಪರ್‌ನ ತಾಯಿ ಹೂವಮ್ಮನ ಬಗ್ಗೆ. ಹಲಸೂರಿನಲ್ಲಿ ಹೂವು ಮಾರುವವರು. ಮೊದಲ ವರ್ಷ ಮೈದಾನಕ್ಕೇ ಬಂದು, ‘ಚಡ್ಡಿ ಹಾಕಿಸಿ ಓಡಿಸುತ್ತೀರಲ್ಲ ಮೇಡಂ, ನಾಳೆ ಇವಳಿಗೆ ಗಂಡು ನೀವು ಹುಡುಕುತ್ತೀರಾ?’ ಎಂದು ಜಗಳ ತೆಗೆದಿದ್ದರು.

ನಮ್ಮ ಹುಡುಗಿಯೊಬ್ಬಳು ಗಾಯಗೊಂಡ ಆ ರಾತ್ರಿ ಏನಾಯಿತೆಂದು ನಿಮಗೆಲ್ಲ ಗೊತ್ತು, ಮತ್ತೆ ಬೇಡ. ಮಂಡಿ ನೋಯುತ್ತಿದೆ ಎಂದ ಹುಡುಗಿಯನ್ನು ‘ಹತ್ತು ನಿಮಿಷ ಆಡು’ ಎಂದು ಒಳಗೆ ಕಳಿಸಿದವಳು ನಾನು. ಅವಳ ಅಪ್ಪ ಅಮ್ಮ ರಾಯಚೂರಿನಿಂದ ಬಸ್ ಹತ್ತಿದ್ದರು. ಬಂದವರೆಲ್ಲ ಒಬ್ಬೊಬ್ಬರಾಗಿ ಹೊರಟ ಮೇಲೆ ಆಸ್ಪತ್ರೆಯ ಬೆಂಚಿನಲ್ಲಿ ಉಳಿದದ್ದು ಹೂವಮ್ಮ ಮತ್ತು ನಾನು. ಗಾಯವಾದದ್ದು ಅವರ ಮಗಳಿಗಲ್ಲ. ಆದರೂ ಬುಟ್ಟಿಯೊಂದಿಗೆ ಬಂದಿದ್ದರು. ಇನ್ನು ಸೀಟಿ ಮುಟ್ಟುವುದಿಲ್ಲ ಎಂದು ನಾನು ಅತ್ತೆ. ‘ಅದನ್ನು ಬೆಳಗ್ಗೆ ನೋಡೋಣ. ಆರು ಗಂಟೆಗೆ ದೇವಸ್ಥಾನಕ್ಕೆ ಹತ್ತು ಮೊಳ ಕೊಡಬೇಕು, ಈ ನಾರು ನೆನೆಸಿ ಕೊಡಿ’ ಎಂದರು. ಕೊಟ್ಟೆ. ಆಮೇಲೆ ಮೊಗ್ಗು ಜೋಡಿಸಿದೆ, ಒಂದೆರಡು ಮೊಳ ಕಟ್ಟಿಯೂ ಕಟ್ಟಿದೆ. ಡಾಕ್ಟರು ಹೊರಗೆ ಬರುವ ಹೊತ್ತಿಗೆ, ನಾನು ಕಟ್ಟಿದ್ದನ್ನು ಹೂವಮ್ಮ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟುತ್ತಿದ್ದರು.

ಆ ಹುಡುಗಿ ಈಗ ಚಿಕ್ಕ ಮಕ್ಕಳಿಗೆ ಪಾಸ್ ಕಲಿಸುತ್ತಾಳೆ. ನನ್ನ ಸೀಟಿ ಅವಳ ಕೊರಳಲ್ಲಿದೆ.

ಭಾನುವಾರ ಹೂವಮ್ಮ ಬರಲಿಲ್ಲ. ಮುಹೂರ್ತದ ದಿನ, ವ್ಯಾಪಾರ ಬಿಡಲಾಗದು ಎಂದು ಮಗಳ ಕೈಯಲ್ಲಿ ಎರಡು ಮೊಳ ಮಲ್ಲಿಗೆ ಕಳಿಸಿದ್ದರು. ದುಡ್ಡು ಇಸಿದುಕೊಂಡು ಬಾ ಎಂದಿದ್ದರಂತೆ. ಕೊಟ್ಟೆ.