ಫ್ಲೈಓವರ್ ಕೆಳಗೆ ಮೊದಲು ನೀರು, ಆಮೇಲೆ ಬಣ್ಣ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಫ್ಲೈಓವರ್‌ಗಳ ಕೆಳಗಿನ ಜಾಗ ಚೆಂದ ಮಾಡಬೇಕೆಂದಾಗಲೆಲ್ಲ ಬರುವುದು ಒಂದೇ ಮದ್ದು: ಕಂಬಕ್ಕೆ ಚಿತ್ರ, ಸುತ್ತ ಕುಂಡಗಳ ಗೋಡೆ. ನಾಲ್ಕು ಮಳೆ ಕಳೆಯುವಷ್ಟರಲ್ಲಿ ಬಣ್ಣ ಹಪ್ಪಳದಂತೆ ಏಳುತ್ತದೆ, ಕುಂಡದಲ್ಲಿ ಒಣಕಡ್ಡಿ ಉಳಿಯುತ್ತದೆ. ಈಗ ನಗರಕ್ಕೆ ಐದು ಪಾಲಿಕೆಗಳಿವೆ. ಐದೂ ಇದನ್ನೇ ಮಾಡುವ ಮೊದಲು ಕೆಲವು ಮಾತು.

ನೀರಿನಿಂದ ಶುರುಮಾಡಬೇಕು. 100 ಮೀಟರ್ ಉದ್ದ, 17 ಮೀಟರ್ ಅಗಲದ ಸೇತುವೆಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 85,000 ಲೀಟರ್ ನೀರು. ಅದಷ್ಟೂ ಕಂಬಕ್ಕೆ ಕಟ್ಟಿದ ಪೈಪಿನಲ್ಲೇ ಇಳಿಯಬೇಕು. ಮೇಲಿನ ಜಾಲರಿಗೆ ಮಣ್ಣು, ಪ್ಲಾಸ್ಟಿಕ್ ಕಟ್ಟಿಕೊಂಡರೆ ನೀರು ಎಕ್ಸ್‌ಪ್ಯಾನ್ಷನ್ ಜಾಯಿಂಟಿನ, ಅಂದರೆ ಸೇತುವೆ ಹಿಗ್ಗಿ ಕುಗ್ಗಲೆಂದು ಬಿಟ್ಟ ಸಂದಿಯಿಂದ ಸುರಿಯುತ್ತದೆ. ಪೈಪಿನ ತಿರುವು (ಬೆಂಡ್) ಮುರಿದಿದ್ದರೆ ನೇರ ಕಂಬದ ಮೈಮೇಲೆ. ತೇವ ಕುಡಿದ ಕಾಂಕ್ರೀಟು ಬಿಳಿ ಸುಣ್ಣ ಕಾರುತ್ತದೆ, ಅದರ ಮೇಲೆ ಎಂಥ ದುಬಾರಿ ಬಣ್ಣವೂ ನಿಲ್ಲದು. ಏಪ್ರಿಲ್‌ನಲ್ಲೇ ಜಾಲರಿ ತೊಳೆಸಿ, ಮೇಲಿಂದ ಒಂದು ಟ್ಯಾಂಕರ್ ನೀರು ಬಿಡಿ. ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲಿ ಕೆಳಗೆ ಗೆರೆ ಎಳೆಯಿರಿ. ಆ ಗೆರೆಯ ಆಚೀಚೆ ಎರಡು ಮೀಟರ್‌ವರೆಗೆ ಬೆಂಚೂ ಬೇಡ, ಸ್ವಿಚ್ ಬೋರ್ಡೂ ಬೇಡ.

ಗಿಡಗಳ ಪಾಡೇ ಬೇರೆ. ಅವುಗಳಿಗೆ ಮಳೆಯೇ ತಾಗುವುದಿಲ್ಲ, ಹನಿ ನೀರು ಕೊಡುವ ಡ್ರಿಪ್ ಪೈಪೇ ಗತಿ. ಬೋರ್‌ವೆಲ್‌ನ ಗಡಸು ನೀರಿನ ಉಪ್ಪು ಡ್ರಿಪ್ ತೂತಿಗೆ ಕಟ್ಟಿಕೊಳ್ಳುತ್ತದೆ. ಅಂಗೈಯಗಲದ ಕುಂಡಕ್ಕೆ ಬೇಸಿಗೆಯಲ್ಲಿ ಎರಡು ದಿನ ನೀರು ತಪ್ಪಿದರೂ ಮುಗಿಯಿತು. ನೆಲದಲ್ಲೇ ಕಟ್ಟಡದ ಅವಶೇಷ ತೆಗೆದು 45 ಸೆಂ.ಮೀ. ಕೆಂಪುಮಣ್ಣು–ಗೊಬ್ಬರ ತುಂಬಿ, ಓರೆ ಬಿಸಿಲು ಬೀಳುವ ಅಂಚಿನಲ್ಲಷ್ಟೇ ಸ್ನೇಕ್ ಪ್ಲಾಂಟ್, ಮನಿಪ್ಲಾಂಟ್ ಥರದವನ್ನು ನೆಟ್ಟರೆ ಬದುಕುತ್ತವೆ. ನಡುವಿನ ಕತ್ತಲಲ್ಲಿ ಹುಲ್ಲುಹಾಸು ಹಾಕುವುದು ದುಡ್ಡು ಚೆಲ್ಲಿದಂತೆ. ಅಲ್ಲಿ ಕಲ್ಲುಹಾಸು, ಕೇರಂ ಟೇಬಲ್ಲು, ಹುಡುಗರ ಸ್ಕೇಟಿಂಗ್ ಚೆನ್ನಾಗಿ ಒಗ್ಗುತ್ತವೆ.

ಇಷ್ಟು ಮಾಡಿದರೂ ಜನ ಅಲ್ಲಿಗೆ ತಲುಪುವುದು ಹೇಗೆ? ಎರಡೂ ಕಡೆ ವಾಹನ ಹರಿಯುವ ದ್ವೀಪವದು. ಫುಟ್‌ಪಾತಿನ ಮಟ್ಟಕ್ಕೇ, ಅಂದರೆ ಸುಮಾರು 15 ಸೆಂ.ಮೀ., ರಸ್ತೆಯನ್ನು ಎತ್ತರಿಸಿ ದಾಟುದಾರಿ ಮಾಡಿದರೆ ಗಾಡಿ ತಾನಾಗಿ ನಿಧಾನವಾಗುತ್ತದೆ, ಗಾಲಿಕುರ್ಚಿಯೂ ಸಲೀಸಾಗಿ ದಾಟುತ್ತದೆ. ಒಳಗೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ನಡೆದಾರಿ ಇರಲಿ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆ ಹೇಳುವುದೂ ಅದನ್ನೇ. ಗ್ರಿಲ್ ಹಾಕಿ ಬೀಗ ಜಡಿಯುವುದಾದರೆ ಈ ಕೆಲಸಕ್ಕೆ ಕೈಹಾಕುವುದೇ ಬೇಡ.

ಮುಂಬೈಯ ಮಾಟುಂಗಾದಲ್ಲಿ ಹೀಗೊಂದು ಜಾಗ 2016ರಲ್ಲಿ ಉದ್ಯಾನವಾಯಿತು. ಅಲ್ಲಿನ ನಡೆದಾರಿ ನರ್ಮದಾ ನದಿಯ ಬಳುಕನ್ನು ಅನುಸರಿಸಿದೆ. ನಮ್ಮಲ್ಲೂ ಎಂ.ಜಿ. ರಸ್ತೆಯ ಮೆಟ್ರೊ ಕೆಳಗೆ 'ರಂಗೋಲಿ' ಕಲಾಕೇಂದ್ರ ಇದೆಯಲ್ಲ.

ಇನ್ನೊಂದು ಮಾತು, ಜಪ್ತಿ ಮಾಡಿದ ಬೈಕು, ಕೇಬಲ್ ಸುರುಳಿಗಳನ್ನು ಅಲ್ಲಿ ಪೇರಿಸುವವರಿಗೆ. ಅಮೆರಿಕದ ಅಟ್ಲಾಂಟಾದಲ್ಲಿ 2017ರ ಮಾರ್ಚ್‌ನಲ್ಲಿ ಹೆದ್ದಾರಿ ಸೇತುವೆಯಡಿ ದಾಸ್ತಾನಿಟ್ಟಿದ್ದ ಪ್ಲಾಸ್ಟಿಕ್ ಪೈಪುಗಳಿಗೆ ಬೆಂಕಿ ಬಿದ್ದು ಸೇತುವೆಯ ಒಂದು ಭಾಗವೇ ಕುಸಿಯಿತು. ಅಂಗಡಿ ಕೊಡುವುದಾದರೂ ಗ್ಯಾಸ್ ಸಿಲಿಂಡರ್ ಇಲ್ಲದ ಹಣ್ಣು, ಹೂವು, ಪುಸ್ತಕದ ಅಂಗಡಿ ಸಾಕು. ಕಂಬಕ್ಕೆ ಅಂಟಿಸಿ ಏನನ್ನೂ ಕಟ್ಟಬಾರದು. ಕಂಬದ ತಲೆಯ ಮೇಲೆ ಸೇತುವೆಯನ್ನು ಹೊತ್ತ ಬೇರಿಂಗ್ ಪರೀಕ್ಷೆಗೆ, ಆಳನ್ನು ಮೇಲೆತ್ತುವ ಬಕೆಟ್ ಲಾರಿ ಹೋಗಲು ದಾರಿ ಬೇಕು.

ಟೆಂಡರಿನಲ್ಲಿ ಮೂರು ವರ್ಷದ ನಿರ್ವಹಣೆ ಸೇರಿರಲಿ. ಜಾಲರಿ ತೊಳೆಯುವ ತಿಂಗಳು ಯಾವುದು, ಡ್ರಿಪ್ ಬಿಚ್ಚಿ ಶುಚಿ ಮಾಡುವುದು ಎಷ್ಟು ದಿನಕ್ಕೊಮ್ಮೆ ಎಂಬುದನ್ನೂ ಅದರಲ್ಲೇ ಬರೆಯಲಿ.

– ಇಬ್ಬರು ಸಿವಿಲ್ ಎಂಜಿನಿಯರ್‌ಗಳು, ಬೆಂಗಳೂರು