ಕೇಬಲ್ ಬಿಟ್ಟು ಫ್ರೀ ಡಿಶ್ ಹಾಕಿಸುವವರು ಗಮನಿಸಬೇಕಾದದ್ದು

ಮಾನ್ಯ ಸಂಪಾದಕರಿಗೆ,

ಕೇಬಲ್ ಟಿವಿಯ ತಿಂಗಳ ಬಿಲ್ ಭಾರವಾಯಿತು ಎಂದು ದೂರುವ ಮನೆಗಳು ನಮ್ಮಲ್ಲಿ ಬಹಳ. ತಿಂಗಳ ಶುಲ್ಕವೇ ಇಲ್ಲದ ದಾರಿಯೊಂದು 2004ರ ಡಿಸೆಂಬರ್‌ನಿಂದ ಇದೆ. ಅದು ಉಪಗ್ರಹದಿಂದ ನೇರ ಮನೆಯ ಡಿಶ್‌ಗೆ ಬರುವ ದೂರದರ್ಶನದ ಉಚಿತ ಸೇವೆ. ಅಂದು ಡಿಡಿ ಡೈರೆಕ್ಟ್ ಪ್ಲಸ್ ಎಂದಿತ್ತು, ಈಗ ಡಿಡಿ ಫ್ರೀ ಡಿಶ್. ಆದರೂ ಇದನ್ನು ಹಾಕಿಸಿ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೇಸತ್ತು ಮತ್ತೆ ಕೇಬಲ್‌ಗೆ ಮರಳುವವರಿದ್ದಾರೆ. ಅವರಲ್ಲಿ ಹೆಚ್ಚಿನವರ ವಿಷಯದಲ್ಲಿ ದೋಷ ಉಪಗ್ರಹದ್ದೂ ಅಲ್ಲ, ದೂರದರ್ಶನದ್ದೂ ಅಲ್ಲ. ತಾರಸಿಯ ಮೇಲೆ ಅವಸರದಲ್ಲಿ ಮುಗಿಸಿದ ಕೆಲಸದ್ದು. ಅದನ್ನು ಸರಿಯಾಗಿ ಮಾಡುವುದು ಹೇಗೆ ಎಂಬುದನ್ನು ಓದುಗರ ಮುಂದಿಡಲು ಈ ಪತ್ರ.

ಮೊದಲು ಒಂದು ಗೊಂದಲ ನಿವಾರಣೆಯಾಗಲಿ. ಕಿಟಕಿಗೆ ಅಂಟಿಸುವ ಚಪ್ಪಟೆ ಆಂಟೆನಾವೊಂದನ್ನು ಕೊಂಡರೆ ನೂರಾರು ಚಾನೆಲ್ ಉಚಿತ ಎಂಬ ಜಾಹೀರಾತುಗಳು ಆನ್‌ಲೈನ್‌ನಲ್ಲಿ ಓಡಾಡುತ್ತಿವೆ. ಅಮೆರಿಕದಲ್ಲಿ ಅದು ನಿಜಕ್ಕೂ ಕೆಲಸ ಮಾಡುತ್ತದೆ. ಅಲ್ಲಿ 2009ರ ಜೂನ್ 12ರಂದು ದೊಡ್ಡ ಟಿವಿ ಕೇಂದ್ರಗಳೆಲ್ಲ ಡಿಜಿಟಲ್ ಆದವು, ಊರಿನ ಗೋಪುರದಿಂದಲೇ ಹತ್ತಾರು ಚಾನೆಲ್ ಬರುತ್ತವೆ. ಅಲ್ಲಿರುವ ಮಕ್ಕಳು ಹೇಳಿದರೆಂದು ಇಲ್ಲಿನ ಹಿರಿಯರು ಅದನ್ನು ತರಿಸಿಕೊಂಡರೆ ಹಣ ವ್ಯರ್ಥ. ನಮ್ಮಲ್ಲಿ ಖಾಸಗಿ ಚಾನೆಲ್‌ಗಳು ಗೋಪುರದಿಂದ ಪ್ರಸಾರವಾಗುವುದೇ ಇಲ್ಲ. ದೂರದರ್ಶನ ಕೂಡ ತನ್ನ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳಲ್ಲಿ ಸುಮಾರು ಐವತ್ತನ್ನು ಉಳಿಸಿಕೊಂಡು ಮಿಕ್ಕವನ್ನು 2022ರ ಮಾರ್ಚ್ ಹೊತ್ತಿಗೆ ನಿಲ್ಲಿಸುವುದಾಗಿ ಪ್ರಕಟಿಸಿತ್ತು. ಅಟ್ಟದ ಮೇಲಿರುವ ಹಳೆಯ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾವನ್ನು ಮತ್ತೆ ಏರಿಸುವುದರಿಂದಲೂ ಪ್ರಯೋಜನವಿಲ್ಲ. ನಮಗೆ ಗಾಳಿಯಲ್ಲಿ ಉಚಿತವಾಗಿ ಬರುವ ಟಿವಿ ಎಂದರೆ ಉಪಗ್ರಹದಿಂದ ಬರುವುದು.

ಖರ್ಚಿನ ಲೆಕ್ಕ ಸರಳ. ಡಿಶ್, ಬಾಕ್ಸ್, ತಂತಿ ಎಲ್ಲ ಸೇರಿ ಒಂದೇ ಬಾರಿಗೆ ಸುಮಾರು 2,000 ರೂಪಾಯಿ ಎಂದು ಸರ್ಕಾರವೇ ಹೇಳುತ್ತ ಬಂದಿದೆ. ಕೇಬಲ್‌ನಲ್ಲಿ ಸಂಪರ್ಕ ಶುಲ್ಕಕ್ಕೆ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ಹಿಂದೆ ಇಟ್ಟಿದ್ದ ಮಿತಿ ತಿಂಗಳಿಗೆ 130 ರೂಪಾಯಿ. ಶೇ 18ರ ಜಿಎಸ್‌ಟಿ ಸೇರಿದರೆ 153 ರೂಪಾಯಿ 40 ಪೈಸೆ, ವರ್ಷಕ್ಕೆ 1,840ಕ್ಕೂ ಮೇಲೆ. ಪೇ ಚಾನೆಲ್‌ಗಳ ದರ ಇದರ ಮೇಲೆ ಬೇರೆ. 2024ರ ಜುಲೈ ತಿದ್ದುಪಡಿಯಲ್ಲಿ ಆ ಮಿತಿಯನ್ನೂ ತೆಗೆದುಹಾಕಲಾಗಿದೆ. ಫ್ರೀ ಡಿಶ್‌ಗೆ ರೀಚಾರ್ಜ್ ಎಂಬುದಿಲ್ಲ. ವರ್ಷಕ್ಕಿಷ್ಟು ಕಟ್ಟಬೇಕು, ಕಾರ್ಡ್ ಹಾಕಿಸಬೇಕು ಎಂದು ಯಾರಾದರೂ ಬಂದು ಕೇಳಿದರೆ ಕೊಡಬೇಡಿ.

ಆದರೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ಕೇಬಲ್ ತೆಗೆಸುವ ಮುಂಚೆಯೇ ಮನೆಯವರೆಲ್ಲ ಕೂತು ನೋಡಬೇಕು. ಚಂದನ ಬರುತ್ತದೆ. ದೂರದರ್ಶನದ ಇತರ ವಾಹಿನಿಗಳು, ಆಕಾಶವಾಣಿ, ಶಿಕ್ಷಣದ ಚಾನೆಲ್‌ಗಳು ಬರುತ್ತವೆ. ಖಾಸಗಿಯವುಗಳಲ್ಲಿ ಹಿಂದಿಯದೇ ಮೇಲುಗೈ. ಸಂಜೆ ಅಜ್ಜಿ ತಪ್ಪದೆ ನೋಡುವ ಕನ್ನಡ ಧಾರಾವಾಹಿ ಪೇ ಚಾನೆಲ್‌ನದಾದರೆ ಅದು ಇಲ್ಲಿ ಸಿಗದು. ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯ ಜಾಲತಾಣದಲ್ಲಿ ಚಾನೆಲ್ ಪಟ್ಟಿ ಇರುತ್ತದೆ, ಅದನ್ನು ಮುಂದಿಟ್ಟುಕೊಂಡು ತೀರ್ಮಾನಿಸಿ. ಒಂದು ತಿಂಗಳು ಎರಡನ್ನೂ ಇಟ್ಟುಕೊಂಡು ನೋಡುವುದು ಇನ್ನೂ ಒಳ್ಳೆಯದು. ಕೇಬಲ್‌ನವರ ತಂತಿಯಲ್ಲೇ ಇಂಟರ್ನೆಟ್ ಕೂಡ ಬರುತ್ತಿದ್ದರೆ ಅದರ ವ್ಯವಸ್ಥೆ ಏನು ಎಂದು ಕೇಳಿಕೊಳ್ಳಿ. ಸಂಪರ್ಕ ಬಿಡುವಾಗ ಬಾಕ್ಸ್ ಹಿಂತಿರುಗಿಸಿದ್ದಕ್ಕೆ ರಸೀದಿ ಪಡೆಯುವುದನ್ನು ಮರೆಯಬೇಡಿ, ಠೇವಣಿ ಕೊಟ್ಟಿದ್ದರೆ ವಾಪಸು ಪಡೆಯಲು ಅದೇ ಆಧಾರ.

ಈಗ ಸಾಮಾನಿನ ವಿಷಯ. ಡಿಶ್ 60 ಸೆಂಟಿಮೀಟರ್‌ನದು ಬಯಲುಸೀಮೆಗೆ ಸಾಕು. ಮಲೆನಾಡು, ಕರಾವಳಿಯಲ್ಲಿ 75 ಅಥವಾ 90 ಸೆಂ.ಮೀ. ಹಾಕಿಸಿ. ಈ ಪ್ರಸಾರ ಅತಿ ಹೆಚ್ಚಿನ ತರಂಗಾಂತರದ ಕೆಯು ಬ್ಯಾಂಡ್‌ನಲ್ಲಿದೆ, ದಟ್ಟ ಮಳೆಯ ಹನಿಗಳು ಅದನ್ನು ಹೀರಿಕೊಳ್ಳುತ್ತವೆ. ಡಿಶ್ ದೊಡ್ಡದಾದಷ್ಟೂ ಮಳೆಗೆ ಬಿಟ್ಟುಕೊಡಲು ಉಳಿತಾಯದ ಸಿಗ್ನಲ್ ಕೈಯಲ್ಲಿರುತ್ತದೆ. ಆಗುಂಬೆಯಂಥ ಕಡೆ ಸಣ್ಣ ಡಿಶ್ ಮಾರುವುದು ಗಿರಾಕಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಎಲ್‌ಎನ್‌ಬಿ (ಡಿಶ್‌ನ ಮುಂದಿನ ಕೋಲಿನ ತುದಿಯಲ್ಲಿದ್ದು ಸಿಗ್ನಲ್ ಹಿಡಿಯುವ ಭಾಗ) 'ಯೂನಿವರ್ಸಲ್' ಆಗಿರಲಿ, ಅದರ ಮೇಲೆ 9750 ಮತ್ತು 10600 ಎಂಬ ಎರಡು ಅಂಕಿಗಳಿರುತ್ತವೆ. ಕೇವಲ 10600 ಇರುವ ಎಲ್‌ಎನ್‌ಬಿಗೆ ಫ್ರೀ ಡಿಶ್‌ನ ತರಂಗಾಂತರ ಎಟಕುವುದಿಲ್ಲ. ಹಳೆಯ ಡಿಟಿಎಚ್ ಡಿಶ್ ಮನೆಯಲ್ಲೇ ಬಿದ್ದಿದ್ದು ಅದು ನಿಮ್ಮದೇ ಆಗಿದ್ದರೆ ಹೊಸದು ಬೇಕಿಲ್ಲ, ತಗಡು ಸೊಟ್ಟಗಾಗಿರಬಾರದು ಅಷ್ಟೆ. ಬಾಕ್ಸ್ ಎಂಪೆಗ್-4 (ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನ) ಇರಲಿ. ಎಂಪೆಗ್-2 ಬಾಕ್ಸ್ ಸ್ವಲ್ಪ ಅಗ್ಗ, ಆದರೆ ಎಂಪೆಗ್-4ರಲ್ಲಿ ಬರುವ ಚಾನೆಲ್‌ಗಳು ಅದಕ್ಕೆ ಕಾಣುವುದೇ ಇಲ್ಲ. ಕೆಲವು ಹೊಸ ಟಿವಿಗಳ ಒಳಗೇ ಉಪಗ್ರಹ ಟ್ಯೂನರ್ ಇರುತ್ತದೆ. ಟಿವಿಯ ಹಿಂದೆ ಎಲ್‌ಎನ್‌ಬಿ ಅಥವಾ ಸ್ಯಾಟಲೈಟ್ ಎಂದು ಬರೆದ ಸ್ಕ್ರೂ ಸಾಕೆಟ್ ಇದೆಯೇ ನೋಡಿಕೊಂಡು ಅಂಗಡಿಗೆ ಹೋಗಿ, ಇದ್ದರೆ ಬಾಕ್ಸ್‌ನ ಖರ್ಚೇ ಉಳಿಯುತ್ತದೆ.

ತಂತಿ ಆರ್‌ಜಿ-6, ತಾಮ್ರದ ಎಳೆಯದು. ಕೇಬಲ್‌ನವರು ಎಳೆದಿದ್ದ ಹಳೆಯ ತೆಳು ತಂತಿಯನ್ನೇ ಬಳಸುವ ಆಸೆ ಬೇಡ. ಎಲ್‌ಎನ್‌ಬಿಯಿಂದ ಕೆಳಗಿಳಿಯುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್‌ನದು, ತೆಳು ತಂತಿಯಲ್ಲಿ ಅದು ದಾರಿಯಲ್ಲೇ ಸೋರಿಹೋಗುತ್ತದೆ. ಒಟ್ಟು ಉದ್ದ 30 ಮೀಟರ್ ದಾಟದಿರಲಿ, ನಡುವೆ ಜೋಡಣೆ ಇಲ್ಲದಿರಲಿ.

ಎಲ್ಲಿ ನಿಲ್ಲಿಸುವುದು? ಉಪಗ್ರಹದ ಹೆಸರು ಜಿಸ್ಯಾಟ್-15, 2015ರ ನವೆಂಬರ್‌ನಲ್ಲಿ ಹಾರಿದ್ದು, ಭೂಮಧ್ಯರೇಖೆಯ ಮೇಲೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಕರ್ನಾಟಕದ ಯಾವ ಊರಿನಿಂದ ನೋಡಿದರೂ ಅದು ಆಗ್ನೇಯಕ್ಕೆ, ವಾಸ್ತುವಿನವರು ಅಡುಗೆಮನೆ ಇಡಿ ಎನ್ನುವ ಅಗ್ನಿಮೂಲೆಯ ಕಡೆಗೆ, ಬಹಳ ಎತ್ತರದಲ್ಲಿ ಇರುತ್ತದೆ. ಉತ್ತರದಿಂದ ಪ್ರದಕ್ಷಿಣವಾಗಿ ಅಳೆದರೆ ಬೆಂಗಳೂರಿನಲ್ಲಿ 128 ಡಿಗ್ರಿ, ದಿಗಂತದಿಂದ ಎತ್ತರ 66 ಡಿಗ್ರಿ. ಮಂಗಳೂರಿನಲ್ಲಿ 123 ಮತ್ತು 64. ಬೆಳಗಾವಿಯಲ್ಲಿ 128 ಮತ್ತು 61. ಕಲಬುರಗಿಯಲ್ಲಿ 135 ಮತ್ತು 62. ಎತ್ತರ ಇಷ್ಟಿರುವುದರಿಂದ ಅಕ್ಕಪಕ್ಕದ ಮನೆ ಅಡ್ಡ ಬರುವುದು ಕಡಿಮೆ. ಆಗ್ನೇಯಕ್ಕೆ ಡಿಶ್‌ಗಿಂತ 10 ಅಡಿ ಎತ್ತರದ ಗೋಡೆ ಇದ್ದರೂ 6 ಅಡಿ ಹಿಂದಕ್ಕೆ ಸರಿದರೆ ಸಾಕು. ತೆಂಗು, ಅಡಿಕೆಗೂ ಇದೇ ಲೆಕ್ಕ, ಆದರೆ ಗಿಡ ಬೆಳೆಯುತ್ತದೆ, ಗರಿ ಗಾಳಿಗೆ ಬಾಗುತ್ತದೆ ಎಂಬುದು ನೆನಪಿರಲಿ. ಗಾಳಿ ಬೀಸಿದಾಗಷ್ಟೇ ಚಿತ್ರ ಒಡೆಯುತ್ತಿದ್ದರೆ ಮೊದಲು ನೋಡಬೇಕಾದದ್ದು ಗರಿಗಳನ್ನು.

ಜಾಗ ತೆರೆದಿದೆಯೇ ಎಂದು ತಿಳಿಯಲು ಸೂರ್ಯನೇ ಸಾಕು. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಬೆಳಗ್ಗೆ 11ರ ಆಸುಪಾಸಿನಲ್ಲಿ ಸೂರ್ಯ ಹೆಚ್ಚುಕಡಿಮೆ ಆ ಉಪಗ್ರಹದ ಜಾಗದಲ್ಲೇ ಇರುತ್ತಾನೆ. ಆಗ ಬಿಸಿಲು ಬೀಳುವ ಜಾಗದಲ್ಲಿ ಸಿಗ್ನಲ್ ಕೂಡ ಬೀಳುತ್ತದೆ. ಅದೇ ದಿನಗಳಲ್ಲಿ ಕೆಲವು ನಿಮಿಷ ಟಿವಿ ನಿಂತುಹೋಗುವುದೂ ಈ ಕಾರಣಕ್ಕೇ, ಸೂರ್ಯನ ರೇಡಿಯೋ ಗದ್ದಲ ಉಪಗ್ರಹದ ಸದ್ದನ್ನು ಮುಚ್ಚಿಬಿಡುತ್ತದೆ. ಮೆಕ್ಯಾನಿಕ್‌ನನ್ನು ಕರೆಸಬೇಕಿಲ್ಲ, ತಾನಾಗಿ ಸರಿಹೋಗುತ್ತದೆ.

ಕಂಬ ನೆಟ್ಟಗಿರಬೇಕು. ಇಷ್ಟು ಸಣ್ಣ ಮಾತನ್ನು ಕಡೆಗಣಿಸಿದ್ದರಿಂದಲೇ ಅರ್ಧ ದಿನ ಹಾಳಾಗುವುದು. ಕಂಬ ವಾಲಿದ್ದರೆ ಡಿಶ್ ತಿರುಗಿಸಿದಂತೆಲ್ಲ ಎತ್ತರವೂ ಬದಲಾಗುತ್ತದೆ, ಬ್ರಾಕೆಟ್ಟಿನ ಅಂಕಿಗಳಿಗೆ ಅರ್ಥವೇ ಉಳಿಯುವುದಿಲ್ಲ. ಗಾರೆ ಕೆಲಸದವರ ಮಟ್ಟಗೋಲನ್ನು ಎರಡು ಬದಿಗೆ ಹಿಡಿದು ನೋಡಿ, ಕಾಂಕ್ರೀಟಿಗೆ 10 ಮಿ.ಮೀ. ಆ್ಯಂಕರ್ ಬೋಲ್ಟ್ ನಾಲ್ಕನ್ನು ಬಿಗಿಯಿರಿ. ಬರೀ ಇಟ್ಟಿಗೆಯ ಪ್ಯಾರಪೆಟ್ ಮೇಲೆ ಬೋಲ್ಟ್ ಹಿಡಿಯದು, ಒಂದೆರಡು ಬಿರುಗಾಳಿಗೆ ಸಡಿಲವಾಗುತ್ತದೆ.

ಡಿಶ್ ಕೂರಿಸುವಾಗ ಕಣ್ಣಂದಾಜನ್ನು ನಂಬಬೇಡಿ. ನಮ್ಮ ಮನೆಗಳ ಡಿಶ್ ಆಫ್‌ಸೆಟ್ ಮಾದರಿಯದು, ಅದರ ಮುಖ ನೋಡುವ ದಿಕ್ಕಿಗಿಂತ ಸುಮಾರು 22ರಿಂದ 25 ಡಿಗ್ರಿ ಮೇಲಿನಿಂದ ಸಿಗ್ನಲ್ ಹಿಡಿಯುತ್ತದೆ. ಬೆಂಗಳೂರಿನಲ್ಲಿ 66 ಡಿಗ್ರಿಗೆ ಸರಿಯಾಗಿ ನಿಂತ ಡಿಶ್ ನೋಡುವವರಿಗೆ 40 ಡಿಗ್ರಿ ಆಸುಪಾಸು ಮೇಲೆತ್ತಿದಂತೆ ಕಾಣುತ್ತದೆ. ಬ್ರಾಕೆಟ್ಟಿನಲ್ಲಿ ಕೆತ್ತಿದ ಅಳತೆ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇರುತ್ತದೆ, ಅದನ್ನೇ ಅನುಸರಿಸಿ. ದಿಕ್ಕಿಗೆ ಫೋನಿನ ಕಂಪಾಸ್ ಸಾಕು, ಆದರೆ ಕಬ್ಬಿಣದ ಕಂಬದಿಂದ ಒಂದೆರಡು ಮೀಟರ್ ದೂರ ನಿಂತು ನೋಡಿ, ಎದುರಿಗೆ ಒಂದು ಗುರುತು ಹಿಡಿದುಕೊಳ್ಳಿ.

ಬಾಕ್ಸ್ ಆಫ್ ಮಾಡಿಯೇ ತಂತಿ ಸಿಕ್ಕಿಸಿ. ಎಲ್‌ಎನ್‌ಬಿಗೆ ಅದೇ ತಂತಿಯಲ್ಲಿ 13 ಅಥವಾ 18 ವೋಲ್ಟ್ ಹರಿಯುತ್ತದೆ. ಹೊರಗಿನ ಜಾಲರಿಯ ಒಂದೇ ಒಂದು ಎಳೆ ನಡುವಿನ ತಾಮ್ರಕ್ಕೆ ತಾಗಿದರೂ ಶಾರ್ಟ್. ತಾಮ್ರದ ಕಡ್ಡಿ ಕನೆಕ್ಟರ್ ಬಾಯಿಂದ 2-3 ಮಿ.ಮೀ. ಹೊರಗಿದ್ದರೆ ಸಾಕು. ಬಳಿಕ ಬಾಕ್ಸ್ ಹಾಕಿ, ಎಲ್‌ಎನ್‌ಬಿ 9750-10600, ತರಂಗಾಂತರ 11090, ವರ್ಟಿಕಲ್, ಸಿಂಬಲ್ ರೇಟ್ 29500 ಎಂದು ಕೊಟ್ಟು ಸಿಗ್ನಲ್ ಪುಟ ತೆರೆದಿಡಿ. ಅಲ್ಲಿ ಎರಡು ಪಟ್ಟಿ ಕಾಣುತ್ತವೆ. ಸ್ಟ್ರೆಂತ್ ಎಂಬುದು ತಂತಿ ಮತ್ತು ಎಲ್‌ಎನ್‌ಬಿ ಜೀವಂತ ಇವೆ ಎಂಬುದನ್ನಷ್ಟೇ ಹೇಳುತ್ತದೆ, ಡಿಶ್ ಗೋಡೆ ನೋಡುತ್ತಿದ್ದರೂ ಅದು ಮೇಲಿರಬಹುದು. ನಿಮಗೆ ಬೇಕಾದದ್ದು ಕ್ವಾಲಿಟಿ ಪಟ್ಟಿ ಮೇಲೇರುವುದು.

ಇಲ್ಲಿ ದಕ್ಷಿಣದ ನಮ್ಮಂಥ ರಾಜ್ಯಗಳಿಗೆ ವಿಶೇಷವಾದ ಒಂದು ಅಂಶವಿದೆ. ಉಪಗ್ರಹ ಇಷ್ಟು ಎತ್ತರದಲ್ಲಿರುವಾಗ ಡಿಶ್ಶನ್ನು ಪಕ್ಕಕ್ಕೆ 10 ಡಿಗ್ರಿ ತಿರುಗಿಸಿದರೂ ಆಕಾಶದಲ್ಲಿ ಅದರ ನೋಟ ಸರಿಯುವುದು 4 ಡಿಗ್ರಿ ಮಾತ್ರ. ಮೇಲೆ ಕೆಳಗೆ ಹಾಗಲ್ಲ: 60 ಸೆಂ.ಮೀ. ಡಿಶ್‌ನ ಅಂಚು 5 ಮಿ.ಮೀ. ಅಲುಗಿದರೆ ಒಂದು ಡಿಗ್ರಿ ಹೋಯಿತು. ಆದ್ದರಿಂದ ಎತ್ತರವನ್ನು ಒಂದು ಅಂಕಿಗೆ ಬಿಗಿದು, ಡಿಶ್ಶನ್ನು ಪೂರ್ವದಿಂದ ದಕ್ಷಿಣದವರೆಗೆ ನಿಧಾನವಾಗಿ ತಿರುಗಿಸಿ. ಸಿಗದಿದ್ದರೆ ಎತ್ತರ ಒಂದು ಡಿಗ್ರಿ ಬದಲಿಸಿ ಮತ್ತೊಮ್ಮೆ ತಿರುಗಿಸಿ. ಬಾಕ್ಸ್‌ಗೆ ಸಿಗ್ನಲ್ ಗುರುತಿಸಲು ಒಂದೆರಡು ಸೆಕೆಂಡ್ ಬೇಕು, ಪ್ರತಿ ಚಲನೆಯ ನಂತರ ಕಾಯಿರಿ. ಎರಡೂ ಬೋಲ್ಟ್ ಸಡಿಲಿಸಿಕೊಂಡು ಎಲ್ಲ ದಿಕ್ಕಿಗೂ ಆಡಿಸುವವರಿಗೆ ಸಂಜೆಯಾದರೂ ಸಿಗ್ನಲ್ ಸಿಗುವುದಿಲ್ಲ.

ಕ್ವಾಲಿಟಿ ಬಂತೆಂದರೆ ಕೆಲಸ ಮುಗಿಯಲಿಲ್ಲ. 91.5 ಮತ್ತು 95 ಡಿಗ್ರಿಯಲ್ಲೂ ಬೇರೆ ಉಪಗ್ರಹಗಳಿವೆ. ಬಾಕ್ಸ್‌ನಲ್ಲಿ ಚಾನೆಲ್ ಹುಡುಕಾಟ ನಡೆಸಿ, ಅದು ಮುಗಿದಾಗ ಚಾನೆಲ್ ಪಟ್ಟಿಯಲ್ಲಿ ಚಂದನ ಕಂಡರೆ ಜಾಗ ಸರಿ. ಆಮೇಲೆ ಎಲ್‌ಎನ್‌ಬಿಯ ಹಿಡಿ ಸಡಿಲಿಸಿ, ಅದರ ಕೊರಳನ್ನು ಐದೈದು ಡಿಗ್ರಿಯಂತೆ ತಿರುಗಿಸಿ. ಉಪಗ್ರಹ ನಮಗೆ ಪೂರ್ವಕ್ಕೆ ಸರಿದಿರುವುದರಿಂದ ಎಲ್‌ಎನ್‌ಬಿ ನೇರವಾಗಿ ನಿಲ್ಲುವುದು ತಪ್ಪು, ಸಾಕಷ್ಟು ಓರೆಯಾಗಿಯೇ ಕೂರಬೇಕು. ಅನೇಕರು ಈ ಹಂತವನ್ನೇ ಬಿಡುತ್ತಾರೆ. ಬೇಸಿಗೆಯಲ್ಲಿ ಚಿತ್ರ ಚೆನ್ನಾಗಿಯೇ ಬರುತ್ತದೆ, ಜೂನ್‌ನ ಮೊದಲ ಮಳೆಗೆ ಚೌಕಚೌಕವಾಗಿ ಒಡೆಯುತ್ತದೆ. ಗರಿಷ್ಠ ಸಿಕ್ಕ ಕಡೆ ಬಿಗಿಯಿರಿ, ನಟ್‌ಗಳನ್ನು ಎಡಬಲ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಪರದೆ ನೋಡುತ್ತಿರಿ. ಒಂದೇ ಕಡೆ ಬಿಗಿದರೆ ಡಿಶ್ ಕದಲುತ್ತದೆ.

ನೀರು ಈ ವ್ಯವಸ್ಥೆಯ ದೊಡ್ಡ ಶತ್ರು. ಎಲ್‌ಎನ್‌ಬಿ ಕನೆಕ್ಟರ್‌ಗೆ ರಬ್ಬರ್ ಟೇಪನ್ನು ಎಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ, ಮೇಲಿನ ಸುತ್ತು ಕೆಳಗಿನದನ್ನು ಮುಚ್ಚಬೇಕು. ತಂತಿ ಗೋಡೆಯೊಳಗೆ ಹೋಗುವ ಮುಂಚೆ ಯು ಆಕಾರದಲ್ಲಿ ಜೋತುಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮಳೆ ನಿಂತು ಬಿಸಿಲು ಬಂದಮೇಲೂ ಸಿಗ್ನಲ್ ಬಾರದಿದ್ದರೆ ಕನೆಕ್ಟರ್ ಬಿಚ್ಚಿ ನೋಡಿ, ತಾಮ್ರ ಕಪ್ಪಾಗಿದ್ದರೆ ಅಲ್ಲಿಗೆ ನೀರು ಇಳಿದಿದೆ. ಅಷ್ಟನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಗುಡುಗು ಬಂದಾಗ ಬಾಕ್ಸ್‌ನ ಪ್ಲಗ್ ಜೊತೆ ಡಿಶ್ ತಂತಿಯನ್ನೂ ಬಿಚ್ಚಿಡಿ. ಮಂಗಗಳ ಕಾಟವಿರುವ ಕಡೆ ತಂತಿಯನ್ನು ಕಂಬಕ್ಕೆ ಅಡಿಗೊಂದರಂತೆ ಕಟ್ಟಿ.

ಎರಡು ಟಿವಿಗೆ ಬೇಕಾದರೆ ಕೇಬಲ್‌ನವರು ಬಳಸುವ ಸ್ಪ್ಲಿಟರ್ ನಡೆಯದು. ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ, ಎರಡು ತಂತಿ, ಎರಡು ಬಾಕ್ಸ್ ಬೇಕು.

ಕೊನೆಗೆ ಪ್ರಸಾರ ಭಾರತಿಗೊಂದು ಮಾತು. ಖಾಸಗಿ ಚಾನೆಲ್‌ಗಳ ಜಾಗ ಇ-ಹರಾಜಿನಲ್ಲಿ ಮಾರಾಟವಾಗುತ್ತದೆ, ಅವಧಿ ಮುಗಿದಾಗ ಚಾನೆಲ್‌ಗಳು ಬದಲಾಗುತ್ತವೆ. 2022ರ ಏಪ್ರಿಲ್ 1ರಿಂದ ನಾಲ್ಕು ದೊಡ್ಡ ಪ್ರಸಾರ ಸಂಸ್ಥೆಗಳು ತಮ್ಮ ಹಿಂದಿ ಮನರಂಜನಾ ಚಾನೆಲ್‌ಗಳನ್ನು ಒಮ್ಮೆಗೇ ಹಿಂತೆಗೆದದ್ದು ನೆನಪಿರಬಹುದು. ಹಿಂದಿ ಚಾನೆಲ್‌ಗೆ ಹತ್ತಾರು ರಾಜ್ಯಗಳ ಜಾಹೀರಾತು ಸಿಗುತ್ತದೆ, ಕನ್ನಡದ್ದಕ್ಕೆ ಒಂದು ರಾಜ್ಯದ್ದು. ಹಣದ ಪೈಪೋಟಿಗೇ ಬಿಟ್ಟರೆ ಕನ್ನಡದ ಪಾಲು ಹಿಗ್ಗುವುದು ಕಷ್ಟ. ಕನ್ನಡದ ಸುದ್ದಿ, ಸಿನಿಮಾ, ಮಕ್ಕಳ ಚಾನೆಲ್‌ಗೆ ತಲಾ ಒಂದಾದರೂ ಜಾಗವನ್ನು ಕಡಿಮೆ ದರದಲ್ಲಿ ಕಾಯ್ದಿರಿಸುವುದು ಸಾರ್ವಜನಿಕ ಪ್ರಸಾರ ಸಂಸ್ಥೆಗೆ ಆಗದ ಕೆಲಸವಲ್ಲ. ಚಾನೆಲ್ ಪಟ್ಟಿ ಬದಲಾಗುವ ಒಂದು ವಾರ ಮುಂಚೆ, ಬಾಕ್ಸ್‌ನಲ್ಲಿ ಮತ್ತೆ ಹುಡುಕಾಟ ನಡೆಸುವ ಕ್ರಮವನ್ನು ಚಂದನದ ಪರದೆಯ ಕೆಳಗೆ ಕನ್ನಡದಲ್ಲಿ ತೋರಿಸಲಿ. ಬರೀ ರೀಸ್ಕ್ಯಾನ್ ಮಾಡಿದರೆ ಮುಗಿಯುವ ಕೆಲಸಕ್ಕೆ ಹಳ್ಳಿಯ ಜನ ಮೆಕ್ಯಾನಿಕ್‌ಗೆ ದುಡ್ಡು ತೆರುವುದು ಅದರಿಂದ ತಪ್ಪುತ್ತದೆ.

ಇತಿ,
ಡಿಶ್ ಅಳವಡಿಕೆ ತಂತ್ರಜ್ಞ, ತಿಪಟೂರು